ಮಗುವಿನ ಜೊತೆ ಮಾತಾಡಿ: ಹುಟ್ಟಿದ ದಿನದಿಂದ ಅಂಗನವಾಡಿವರೆಗೆ ಒಂದೊಂದೇ ಹೆಜ್ಜೆ

ಪ್ರತಿ ವರ್ಷ ಜೂನ್ ಬಂತೆಂದರೆ ನನಗೆ ಅದೇ ಪ್ರಶ್ನೆ. "ಅಕ್ಕೋರೆ, ನಮ್ಮ ಹುಡುಗನಿಗೆ ಎಬಿಸಿಡಿ ಯಾವಾಗ ಕಲಸ್ತೀರಿ?" ಹುಡುಗನಿಗೆ ಆಗಷ್ಟೇ ಮೂರು ತುಂಬಿರುತ್ತದೆ. ನಾನು ಕಲಬುರಗಿ ಜಿಲ್ಲೆಯ ಚಿತ್ತಾಪುರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಅಂಗನವಾಡಿ ನಡೆಸುತ್ತೇನೆ. ಆ ಅಪ್ಪ ಅಮ್ಮಂದಿರಿಗೆ ನಾನು ತಿರುಗಿ ಒಂದು ಪ್ರಶ್ನೆ ಕೇಳುತ್ತೇನೆ: "ನೀವು ಅವನ ಜೊತೆ ದಿನಾ ಎಷ್ಟೊತ್ತು ಮಾತಾಡ್ತೀರಿ?"

ಬಹಳ ಜನ ಸುಮ್ಮನಾಗುತ್ತಾರೆ. ಪ್ರೀತಿ ಇಲ್ಲ ಅಂತಲ್ಲ. ಇಷ್ಟು ಸಣ್ಣದಕ್ಕೆ ಏನು ಹೇಳೋದು, ಅದಕ್ಕೇನು ತಿಳಿಯುತ್ತೆ ಅಂದುಕೊಂಡಿರುತ್ತಾರೆ. ಆದರೆ ಮಗುವಿನ ಮಿದುಳು ಅತಿ ಜೋರಾಗಿ ಬೆಳೆಯುವುದು ಮೊದಲ ಮೂರು ವರ್ಷದಲ್ಲಿ, ಅಂದರೆ ನನ್ನ ಹತ್ತಿರ ಬರುವ ಮುಂಚೆಯೇ, ನಿಮ್ಮ ಮನೆಯಲ್ಲೇ. ಅದಕ್ಕೆ ಬೇಕಾದದ್ದು ಎರಡೇ. ಹೊಟ್ಟೆಗೆ ಸರಿಯಾದ ಊಟ, ಕಿವಿಗೆ ನಿಮ್ಮ ಮಾತು. ಎರಡನ್ನೂ ಹೇಗೆ ಮಾಡಬೇಕು ಅಂತ ವಯಸ್ಸಿನ ಪ್ರಕಾರ ಹೇಳುತ್ತೇನೆ.

ಹುಟ್ಟಿದಾಗಿನಿಂದ ಆರು ತಿಂಗಳು

ಹೆರಿಗೆಯಾದ ಒಂದು ಗಂಟೆಯೊಳಗೆ ಮಗುವನ್ನು ಎದೆಗೆ ಹಾಕಿ. ಮೊದಲು ಬರುವ ಹಳದಿ ಹಾಲನ್ನು ಕೆಟ್ಟದ್ದೆಂದು ಹಿಂಡಿ ಚೆಲ್ಲುವವರು ಈಗಲೂ ಇದ್ದಾರೆ. ಚೆಲ್ಲಬೇಡಿ. ರೋಗ ತಡೆಯುವ ಶಕ್ತಿ ಅದರಲ್ಲೇ ಇರುವುದು, ಅದು ಮಗುವಿನ ಮೊದಲ ಲಸಿಕೆ ಇದ್ದ ಹಾಗೆ.

ಆಮೇಲೆ ಪೂರ್ತಿ ಆರು ತಿಂಗಳು ಬರೀ ಎದೆಹಾಲು. ನೀರೂ ಬೇಡ. ಇಲ್ಲೇ ಎಲ್ಲರೂ ಜಗಳಕ್ಕೆ ಬರುವುದು. "ಏಪ್ರಿಲ್ ಬಿಸಿಲು ನಲವತ್ತೆರಡು ಡಿಗ್ರಿ ದಾಟ್ತದ, ಕೂಸಿಗೆ ಗಂಟಲು ಒಣಗಲ್ವಾ ಅಕ್ಕೋರೆ?" ಒಣಗಲ್ಲ. ಎದೆಹಾಲಿನಲ್ಲಿ ಹತ್ತರಲ್ಲಿ ಒಂಬತ್ತು ಪಾಲು ನೀರೇ ಇದೆ. ಬಿಸಿಲು ಜಾಸ್ತಿಯಾದರೆ ಹಾಲು ಕೊಡುವ ಸಲ ಜಾಸ್ತಿ ಮಾಡಿ, ನೀರನ್ನು ತಾಯಿ ಕುಡಿಯಲಿ. ಮಗು ದಿನಕ್ಕೆ ಆರು ಸಲಕ್ಕಿಂತ ಕಡಿಮೆಯಿಲ್ಲದೆ ಉಚ್ಚೆ ಹೊಯ್ಯುತ್ತಿದ್ದರೆ ಹಾಲು ಸಾಕಾಗುತ್ತಿದೆ ಎಂದೇ ಲೆಕ್ಕ. ಬಾಣಂತಿಗೆ ನೀರು ಕಡಿಮೆ ಕೊಡುವ ಪದ್ಧತಿ ಕೆಲವು ಮನೆಗಳಲ್ಲಿದೆ, ದಯವಿಟ್ಟು ಅದನ್ನು ಬಿಡಿ. ಹಾಲು ಕುಡಿಸುವ ತಾಯಿಗೆ ನೀರೂ ಬೇಕು, ಹೊಟ್ಟೆ ತುಂಬ ಊಟವೂ ಬೇಕು. 2017ರಿಂದ ಮಾತೃಪೂರ್ಣ ಯೋಜನೆಯಲ್ಲಿ ಗರ್ಭಿಣಿ, ಬಾಣಂತಿಯರಿಗೆ ಅಂಗನವಾಡಿಯಿಂದ ಊಟ ಇದೆ. ಹೆಸರು ಬರೆಸಿ, ಸಂಕೋಚ ಬೇಡ.

ಮಾಡಬಾರದ್ದನ್ನು ನೇರವಾಗಿ ಹೇಳಿಬಿಡುತ್ತೇನೆ. ಜೇನುತುಪ್ಪ ನೆಕ್ಕಿಸಬೇಡಿ, ಒಂದು ವರ್ಷದೊಳಗಿನ ಮಗುವಿಗೆ ಅದರಿಂದ ಅಪಾಯವಿದೆ. ಬಜೆ ತೇಯ್ದು ಕುಡಿಸಬೇಡಿ. ಕಿವಿ, ಮೂಗಿಗೆ ಎಣ್ಣೆ ಬಿಡಬೇಡಿ. ಕಣ್ಣಿಗೆ ಕಾಡಿಗೆ ಬೇಡ. ದೃಷ್ಟಿಯ ಚಿಂತೆ ಇದ್ದರೆ ಪಾದಕ್ಕೆ ಬೊಟ್ಟಿಡಿ. ಹೊಕ್ಕುಳಿಗೆ ಏನೂ ಹಚ್ಚಬೇಡಿ, ಒಣಗಲು ಬಿಡಿ. ಕಾಮಾಲೆ ಅಂತಲೋ ಹೊಟ್ಟೆಯುಬ್ಬರ ಅಂತಲೋ ಕೂಸಿಗೆ ಬರೆ ಹಾಕಿಸುವುದು ಮಾತ್ರ ಎಂದೂ ಬೇಡ. ಆ ಸುಟ್ಟ ಗಾಯದ ಕೂಸನ್ನು ಒಮ್ಮೆ ಎತ್ತಿಕೊಂಡಿದ್ದೇನೆ, ಅದು ಅತ್ತ ರೀತಿ ಇವತ್ತಿಗೂ ಕಿವಿಯಲ್ಲಿದೆ. ಮಗು ಹಾಲು ಬಿಟ್ಟರೆ, ಮೈ ತಣ್ಣಗಾದರೆ ಅಥವಾ ಕಾದರೆ, ಉಸಿರಾಡುವಾಗ ಎದೆ ಒಳಗೆ ಎಳೆದುಕೊಂಡರೆ, ಅಂಗಾಲು ಅಂಗೈವರೆಗೂ ಹಳದಿಯಾದರೆ ಬೆಳಗಾಗಲಿ ಅಂತ ಕಾಯಬೇಡಿ, 108ಕ್ಕೆ ಫೋನ್ ಮಾಡಿ. ಆಸ್ಪತ್ರೆಯಲ್ಲಿ ಹೆರಿಗೆಯಾದರೆ ಆಶಾ ಕಾರ್ಯಕರ್ತೆ 42 ದಿನದೊಳಗೆ ಆರು ಸಲ ಮನೆಗೆ ಬರಬೇಕು. ಬಂದಾಗ ಬಾಗಿಲಲ್ಲೇ ಮಾತಾಡಿಸಿ ಕಳಿಸದೆ ಒಳಗೆ ಕರೆದು, ಕೂಸಿನ ಬಟ್ಟೆ ಬಿಚ್ಚಿ ತೋರಿಸಿ.

ಲಸಿಕೆಗೆ ತಾಯಿ ಕಾರ್ಡ್ ಇದೆ, ಅದನ್ನು ರೇಷನ್ ಕಾರ್ಡ್ ಇಟ್ಟ ಹಾಗೆ ಜೋಪಾನ ಮಾಡಿ. ಹುಟ್ಟಿದಾಗ ಬಿಸಿಜಿ, ಪೋಲಿಯೊ ಹನಿ, ಹೆಪಟೈಟಿಸ್ ಬಿ. ಆಮೇಲೆ 6, 10, 14 ವಾರಕ್ಕೆ. 9 ತಿಂಗಳು ತುಂಬಿದ ಮೇಲೆ ದಡಾರ-ರುಬೆಲ್ಲಾ ಮೊದಲ ಡೋಸ್, ಅದರ ಜೊತೆ ವಿಟಮಿನ್ ಎ. 16ರಿಂದ 24 ತಿಂಗಳ ನಡುವೆ ಎರಡನೇ ಡೋಸ್ ಮತ್ತು ಬೂಸ್ಟರ್. ವಿಟಮಿನ್ ಎ ಐದು ವರ್ಷದವರೆಗೆ ಆರು ತಿಂಗಳಿಗೊಮ್ಮೆ. ದುಡಿಯಲು ಮುಂಬೈ, ಪುಣೆ ಕಡೆ ಗುಳೆ ಹೋಗುವವರು ಕಾರ್ಡನ್ನು ಊರಲ್ಲಿ ಬಿಟ್ಟು ಹೋಗಬೇಡಿ. ಲಸಿಕೆ ಎಲ್ಲಿ ಬೇಕಾದರೂ ಪುಕ್ಕಟೆ ಹಾಕುತ್ತಾರೆ, ಯಾವುದು ಆಗಿದೆ ಅಂತ ಗೊತ್ತಾಗಬೇಕಷ್ಟೇ. ಹೊರಡುವ ಮುಂಚೆ ನಿಮ್ಮ ಅಂಗನವಾಡಿಯಲ್ಲಿ ಹೇಳಿ. ನಮ್ಮ ಮೊಬೈಲಿನ ಪೋಷಣ್ ಟ್ರ್ಯಾಕರ್ ಆ್ಯಪ್‌ನಲ್ಲಿ ಮಗುವಿನ ಹೆಸರನ್ನು ಹೋಗುವ ಊರಿನ ಅಂಗನವಾಡಿಗೆ ಕಳಿಸುವ ಅನುಕೂಲ ಇದೆ.

ಈಗ ಮಾತು. ನಮ್ಮೂರಿನಲ್ಲಿ ಒಬ್ಬ ಆಯಿ ಕೂಸುಗಳಿಗೆ ಎರೆಯುತ್ತಾಳೆ. ಕಾಲು ಚಾಚಿ ಕೂತು, ಕಾಲ ಮೇಲೆ ಕೂಸನ್ನು ಮಲಗಿಸಿಕೊಂಡು, ಎಣ್ಣೆ ತಿಕ್ಕುತ್ತಾ ಅವಳು ಬಾಯಿ ಮುಚ್ಚುವುದೇ ಇಲ್ಲ. "ಇದು ಯಾರ ಕೈ? ನನ್ನ ರಾಜಾನ ಕೈ. ಇದು ಯಾರ ಹೊಟ್ಟಿ? ಹಾಲು ಕುಡದ ಹೊಟ್ಟಿ." ಅನ್ನುತ್ತಾಳೆ, ಸ್ವಲ್ಪ ನಿಲ್ಲಿಸುತ್ತಾಳೆ, ಕೂಸು "ಊಂ" ಅನ್ನುವವರೆಗೆ ಅದರ ಮುಖವನ್ನೇ ನೋಡುತ್ತಾಳೆ, ಆಮೇಲೆ "ಹೌದೇನಪಾ?" ಅಂತ ಮುಂದುವರಿಸುತ್ತಾಳೆ. ಆ ನಿಲ್ಲಿಸಿ ಕಾಯುವುದಿದೆಯಲ್ಲ, ನೀವು ಕಲಿಯಬೇಕಾದದ್ದು ಅದನ್ನೇ. ಕೂಸಿಗೆ ಮೊದಲು ಸುಮಾರು ಒಂದು ಗೇಣು ದೂರದ್ದು ಮಾತ್ರ ಸ್ಪಷ್ಟವಾಗಿ ಕಾಣುತ್ತದೆ. ಮುಖ ಹತ್ತಿರ ತನ್ನಿ, ಮಾತಾಡಿ, ಅದು ಉತ್ತರ ಕೊಡಲು ಬಿಡಿ. ಕುಂಚಿಗೆ ಕಟ್ಟುವಾಗ, ಕೌದಿ ಹೊದಿಸುವಾಗ, ತೊಟ್ಟಿಲು ತೂಗುವಾಗ, ಬೇರೆ ಟೈಮ್ ತೆಗೆಯುವುದೇ ಬೇಡ. ಅಪ್ಪಂದಿರೂ ಮಾಡಬೇಕು. ಗಂಡಸರ ದನಿಯೂ ಕೂಸಿಗೆ ಗೊತ್ತಾಗಬೇಕಲ್ವಾ?

ಆರು ತಿಂಗಳಿಂದ ಎರಡು ವರ್ಷ

ನಮ್ಮ ಮಕ್ಕಳು ಸೊರಗುವುದು ಈ ಹದಿನೆಂಟು ತಿಂಗಳಲ್ಲೇ, ಅದಕ್ಕೆ ಇದನ್ನು ನಿಧಾನವಾಗಿ ಓದಿ.

ಆರು ತಿಂಗಳು ತುಂಬಿದ ದಿನದಿಂದ ಎದೆಹಾಲಿನ ಜೊತೆ ಊಟ ಶುರು ಮಾಡಿ. ಎದೆಹಾಲು ಎರಡು ವರ್ಷದವರೆಗೆ, ಬೇಕಾದರೆ ಆಮೇಲೂ ಇರಲಿ. ಮೊದಲು ಎರಡು ಮೂರು ಚಮಚ, ದಿನಕ್ಕೆ ಎರಡು ಮೂರು ಸಲ, ಆಮೇಲೆ ನಿಧಾನವಾಗಿ ಜಾಸ್ತಿ ಮಾಡುತ್ತಾ ಹೋಗಿ. ಒಂಬತ್ತು ತಿಂಗಳ ಹೊತ್ತಿಗೆ ಅರ್ಧ ಬಟ್ಟಲು, ಮೂರು ನಾಲ್ಕು ಸಲ. ವರ್ಷ ದಾಟಿದ ಮೇಲೆ ಮುಕ್ಕಾಲಿನಿಂದ ಒಂದು ಬಟ್ಟಲು, ನಡುವೆ ಒಂದೆರಡು ಸಲ ತಿಂಡಿ. ಬಟ್ಟಲೆಂದರೆ ಕಾಲು ಲೀಟರ್ ಹಿಡಿಯುವಂಥದ್ದು. ಮಗುವಿಗೆ ಬೇರೆ ಬಟ್ಟಲು ಇಡಿ. ದೊಡ್ಡವರ ತಾಟಿನಲ್ಲೇ ಉಣಿಸಿದರೆ ಅದು ಎಷ್ಟು ತಿಂದಿತು ಅಂತ ಯಾರಿಗೂ ಗೊತ್ತಾಗಲ್ಲ.

ದೊಡ್ಡ ತಪ್ಪು ಎಲ್ಲಾಗುತ್ತದೆ ಗೊತ್ತಾ? ಬೇಳೆ ಕಟ್ಟಿನಲ್ಲಿ. ನಮ್ಮ ಜಿಲ್ಲೆ ತೊಗರಿಯ ಕಣಜ, ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಜಿಐ ಟ್ಯಾಗ್ ಬಂದಿದೆ. ಆದರೆ ಮನೆಯಲ್ಲಿ ಮಕ್ಕಳಿಗೆ ಬೇಳೆಯ ಮೇಲಿನ ನೀರು ಕುಡಿಸಿ, ಬೇಳೆಯನ್ನು ದೊಡ್ಡವರು ಉಣ್ಣುತ್ತಾರೆ. ಆ ನೀರಿನಿಂದ ಹೊಟ್ಟೆ ತುಂಬುತ್ತದೆ, ಮೈ ಹತ್ತಲ್ಲ. ಮಗುವಿನ ಊಟ ಚಮಚ ಓರೆ ಮಾಡಿದರೆ ಸುರಿಯಬಾರದು, ಅಷ್ಟು ಗಟ್ಟಿ ಇರಬೇಕು.

ನಾನು ತಾಯಂದಿರಿಗೆ ಮಾಡಿ ತೋರಿಸುವುದು ಹೀಗೆ. ಬಿಸಿ ಜೋಳದ ರೊಟ್ಟಿ ತಗೊಳ್ಳಿ. ಮೇಲಿನ ಗಟ್ಟಿ ಪದರ ಬಿಟ್ಟು ಒಳಗಿನ ಮೆತ್ತಗಿನದನ್ನು ಸಣ್ಣಗೆ ಮುರಿಯಿರಿ. ಖಾರ ಹಾಕುವ ಮುಂಚೆಯೇ ತೆಗೆದಿಟ್ಟ ಗಟ್ಟಿ ಬೇಳೆಯನ್ನು ಅದರ ಮೇಲೆ ಹಾಕಿ ಐದು ನಿಮಿಷ ಮುಚ್ಚಿಡಿ. ಆಮೇಲೆ ಬೆರಳಿನಿಂದ ಚೆನ್ನಾಗಿ ಕಿವುಚಿ, ಬೆರಳಿಗೆ ಗಂಟು ಸಿಗಬಾರದು. ಅರ್ಧ ಚಮಚ ತುಪ್ಪವೋ ಶೇಂಗಾ ಎಣ್ಣೆಯೋ ಹಾಕಿ. ಬೇಯಿಸಿದ ಮೆಂತ್ಯ, ಪಾಲಕ್ ಅಥವಾ ಗಜ್ಜರಿ ಸ್ವಲ್ಪ ಕಿವುಚಿ ಸೇರಿಸಿದರೆ ಇನ್ನೂ ಒಳ್ಳೆಯದು. ಮೊಟ್ಟೆ ತಿನ್ನುವ ಮನೆಯವರು ಆರು ತಿಂಗಳ ಮೇಲೆ ಪೂರ್ತಿ ಬೇಯಿಸಿದ ಮೊಟ್ಟೆ ಕಿವುಚಿ ಕೊಡಬಹುದು. ವರ್ಷದೊಳಗೆ ಉಪ್ಪು, ಸಕ್ಕರೆ ಬೇಡ. ಇಡೀ ಶೇಂಗಾ ಕಾಳು, ಪುಟಾಣಿ (ಹುರಿಗಡಲೆ) ಕೊಡಬೇಡಿ, ಗಂಟಲಿಗೆ ಸಿಗುತ್ತದೆ, ಪುಡಿ ಮಾಡಿ ಕೊಡಿ. ಅಂಗನವಾಡಿಯಿಂದ ಈ ವಯಸ್ಸಿಗೆ ಮನೆಗೇ ಆಹಾರದ ಪೊಟ್ಟಣ ಕೊಡುತ್ತಾರೆ. ಅದು ಮಗುವಿಗೆ ಅಂತ ಕೊಟ್ಟದ್ದು, ಮನೆಮಂದಿಗೆಲ್ಲ ಹಂಚಿದರೆ ಮಗುವಿನ ಪಾಲಿಗೆ ನಾಲ್ಕೇ ದಿನ ಬರುವುದು.

ಇನ್ನು ಚಹಾ. ಬೆಳಿಗ್ಗೆ ಎದ್ದ ಮಗುವಿಗೆ ಚಹಾದಲ್ಲಿ ಬಿಸ್ಕೀಟು ಅದ್ದಿ ಕೊಡುವುದು ನಮ್ಮ ಕಡೆ ಮನೆಮನೆಯಲ್ಲೂ ಇದೆ. ಪ್ರೀತಿಯಿಂದಲೇ ಕೊಡುತ್ತಾರೆ. ಆದರೆ ಊಟದಲ್ಲಿರುವ ಕಬ್ಬಿಣದ ಅಂಶ ಮೈಗೆ ಸೇರದಂತೆ ಚಹಾ ತಡೆಯುತ್ತದೆ, ಬಿಸ್ಕೀಟಿನ ಸಿಹಿ ಹಸಿವು ಕೊಲ್ಲುತ್ತದೆ, ಆಮೇಲೆ "ಊಟಾನೇ ಮಾಡಲ್ಲರೀ" ಅಂತ ನಮ್ಮ ಹತ್ತಿರ ಬರುತ್ತಾರೆ. ಚಹಾ ಬಿಡಿಸಿ ಹದಿನೈದು ದಿನ ನೋಡಿ. ಆರು ತಿಂಗಳಿಂದ ಐದು ವರ್ಷದವರೆಗೆ ವಾರಕ್ಕೆರಡು ಸಲ 1 ಮಿಲಿ ಕಬ್ಬಿಣದ ಸಿರಪ್ಪು ಆಶಾ ಹತ್ತಿರ ಪುಕ್ಕಟೆ ಸಿಗುತ್ತದೆ, ತಪ್ಪದೆ ಹಾಕಿ. ಮಲ ಕಪ್ಪಗಾಗುತ್ತದೆ, ಗಾಬರಿ ಬೇಡ.

ಉಣಿಸುವಾಗ ಮೊಬೈಲ್ ತೋರಿಸಬೇಡಿ. ಈ ಒಂದು ಮಾತಿಗೆ ನಾನು ಬಹಳ ಸಲ ಕೈ ಮುಗಿದಿದ್ದೇನೆ. ಎರಡು ವರ್ಷದೊಳಗೆ ಪರದೆಯೇ ಬೇಡ, ಆಮೇಲೆ ಐದು ವರ್ಷದವರೆಗೆ ದಿನಕ್ಕೆ ಒಂದು ಗಂಟೆಗಿಂತ ಜಾಸ್ತಿ ಬೇಡ ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ಮೊಬೈಲ್ ನೋಡುತ್ತಾ ಬಾಯಿ ತೆರೆಯುವ ಮಗುವಿಗೆ ರುಚಿಯೂ ಗೊತ್ತಾಗಲ್ಲ, ಹೊಟ್ಟೆ ತುಂಬಿದ್ದೂ ಗೊತ್ತಾಗಲ್ಲ. ಅದಕ್ಕಿಂತ ದೊಡ್ಡ ನಷ್ಟ ಎಂದರೆ ದಿನಕ್ಕೆ ನಾಲ್ಕು ಸಲ ನಿಮ್ಮ ಜೊತೆ ಮಾತಾಡುವ ಟೈಮು ಹೋಗುತ್ತದೆ. "ಇದು ರೊಟ್ಟಿ, ಬಿಸಿ ಇದೆ, ಊದು" ಅನ್ನಿ. ಅದು ಊದುತ್ತದೆ. "ಆರಿತಾ?" ಅನ್ನಿ. ಬಿಸಿ, ತಣ್ಣಗೆ, ಇನ್ನೂ, ಸಾಕು, ಈ ನಾಲ್ಕು ಮಾತು ಒಂದು ಊಟದಲ್ಲೇ ಬಂದವು.

ಆಟಿಕೆ ಕೊಳ್ಳಲೇಬೇಕೆಂದಿಲ್ಲ. ಸ್ಟೀಲ್ ಬಟ್ಟಲು, ಚಮಚ, ಮುಚ್ಚಳ, ಬಟ್ಟೆಯ ಚೆಂಡು ಸಾಕು. ಬಟ್ಟಲ ಕೆಳಗೆ ಚೆಂಡು ಮುಚ್ಚಿಟ್ಟು "ಎಲ್ಲಿ ಹೋಯ್ತು?" ಅನ್ನಿ. ಮಗು ಚಮಚ ಹತ್ತು ಸಲ ಕೆಳಗೆ ಹಾಕಿದರೆ ಬೈಯಬೇಡಿ, ಬಿಟ್ಟರೆ ಬೀಳುತ್ತದೆ ಅನ್ನುವುದನ್ನು ಅದು ಕಲಿಯುತ್ತಿದೆ. ಆದರೆ ತೆವಳಲು ಶುರುವಾದ ದಿನವೇ ಮನೆಯನ್ನು ನೆಲದಲ್ಲಿ ಕೂತು ಒಮ್ಮೆ ನೋಡಿ, ಮಗುವಿನ ಕಣ್ಣಿಗೆ ಏನೇನು ಕಾಣುತ್ತದೆ ಅಂತ. ನೀರು ತುಂಬಿದ ಬಕೆಟ್ ಮುಚ್ಚಿಡಿ, ಅಷ್ಟು ನೀರಲ್ಲೂ ಮಗು ಮುಳುಗುತ್ತದೆ. ತೊಗರಿಗೆ, ಹತ್ತಿಗೆ ಹೊಡೆಯುವ ಎಣ್ಣೆಯನ್ನು, ಅಂದರೆ ಕೀಟನಾಶಕವನ್ನು, ಕುಡಿಯುವ ನೀರಿನ ಬಾಟಲಿಗೆ ಯಾವತ್ತೂ ಹಾಕಬೇಡಿ, ಬೀಗವಿರುವ ಕಡೆ ಇಡಿ.

ಭೇದಿಯಾದರೆ ಒಆರ್‌ಎಸ್ ಪಾಕೀಟನ್ನು ಅದರ ಮೇಲೆ ಬರೆದಷ್ಟೇ ಕುದಿಸಿ ಆರಿಸಿದ ನೀರಿಗೆ ಪೂರ್ತಿ ಹಾಕಿ, ಚಮಚ ಚಮಚ ಕೊಡಿ. ಆಶಾ ಕೊಡುವ ಜಿಂಕ್ ಮಾತ್ರೆ 14 ದಿನ, ಭೇದಿ ನಿಂತರೂ ನಿಲ್ಲಿಸಬೇಡಿ. ಊಟ, ಹಾಲು ನಿಲ್ಲಿಸಬೇಡಿ. ಕಣ್ಣು ಗುಳಿ ಬಿದ್ದರೆ, ಮಗು ಮಂಕಾದರೆ, ಕುಡಿದದ್ದೆಲ್ಲ ಕಕ್ಕಿದರೆ ಆಸ್ಪತ್ರೆಗೆ ಹೊರಡಿ.

ತಿಂಗಳಿಗೊಮ್ಮೆ ಅಂಗನವಾಡಿಗೆ ಬಂದು ತೂಕ ಹಾಕಿಸಿ. ನಮ್ಮ ಹತ್ತಿರ ತೋಳು ಅಳೆಯುವ ಬಣ್ಣದ ಪಟ್ಟಿಯೂ ಇದೆ. ಹಸಿರು ಬಂದರೆ ಸರಿ, ಹಳದಿ ಬಂದರೆ ಎಚ್ಚರ. 11.5 ಸೆಂ.ಮೀ.ಗಿಂತ ಕಡಿಮೆಯಾಗಿ ಕೆಂಪು ಬಂದರೆ ಮಗುವಿಗೆ ತೀವ್ರ ಅಪೌಷ್ಟಿಕತೆ. ಆಗ ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಸೇರಿಸಲು ಹೇಳುತ್ತೇವೆ. ಸಾಮಾನ್ಯವಾಗಿ 14 ದಿನ ಇರಬೇಕು, ತಾಯಿಯೂ ಜೊತೆಗಿರುತ್ತಾಳೆ, ಕೂಲಿ ಹೋದದ್ದಕ್ಕೆ ಹಣ ಕೊಡುತ್ತಾರೆ. "ಮನೆಯಲ್ಲಿ ಇನ್ನೆರಡು ಮಕ್ಕಳಿವೆ, ಹೇಗೆ ಹೋಗೋದು?" ಅನ್ನುವ ತಾಯಿಯ ಕಷ್ಟ ನನಗೆ ಅರ್ಥವಾಗುತ್ತದೆ. ಅತ್ತೆಯೋ ಅಕ್ಕನೋ ಆ ಎರಡು ವಾರ ಮನೆ ಹೊರಬೇಕು, ಇದನ್ನು ಗಂಡನ ಮುಂದೆಯೇ ಕೂತು ಮಾತಾಡಿ ಮುಗಿಸಿ. ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುವ ತಾಯಂದಿರು ನಿಮ್ಮ ಗ್ರಾಮ ಪಂಚಾಯಿತಿಯಲ್ಲಿ "ಕೂಸಿನ ಮನೆ" ಇದೆಯಾ ಅಂತ ಕೇಳಿ. ಪುಟ್ಟ ಮಕ್ಕಳನ್ನು ಹಗಲು ನೋಡಿಕೊಳ್ಳಲೆಂದೇ ಮಾಡಿದ್ದು ಅದು.

ಎರಡರಿಂದ ಮೂರು

ಈಗ ಮಾತಿನ ಮಳೆ ಶುರುವಾಗುವ ವಯಸ್ಸು. ಮಗು "ಬಸ್ಸು" ಅಂದರೆ ನೀವು "ಹೌದು, ಕೆಂಪು ಬಸ್ಸು, ಶಹಾಬಾದಿಗೆ ಹೊರಟಿದೆ" ಅನ್ನಿ. ಅದು ಒಂದು ಪದ ಕೊಟ್ಟರೆ ನೀವು ನಾಲ್ಕು ಸೇರಿಸಿ ವಾಪಸ್ ಕೊಡಿ. ತಪ್ಪು ಉಚ್ಚಾರಣೆಗೆ ನಗಬೇಡಿ, ಸರಿಯಾದದ್ದನ್ನು ನೀವು ಹೇಳುತ್ತಾ ಹೋದರೆ ಸಾಕು.

ಯಾವ ಭಾಷೆ ಅಂತ ಕೇಳುತ್ತಾರೆ. ನಮ್ಮ ಕೇಂದ್ರಕ್ಕೆ ತಾಂಡಾದಿಂದ ಲಂಬಾಣಿ ಮಾತಾಡುವ ಮಕ್ಕಳು ಬರುತ್ತವೆ, ಉರ್ದು ಮಾತಾಡುವ ಮಕ್ಕಳು ಬರುತ್ತವೆ. ಬೀದರ್ ಕಡೆ ಹೋದರೆ ಮರಾಠಿಯೂ ಇದೆ. ಮನೆಯಲ್ಲಿ ಯಾವುದು ಬಾಯಿಗೆ ಸಲೀಸಾಗಿ ಬರುತ್ತದೋ ಅದೇ ಮಾತಾಡಿ. ಮನೆಮಾತು ಗಟ್ಟಿಯಾದ ಮಗು ಕನ್ನಡವನ್ನು ಬೇಗ ಹಿಡಿಯುತ್ತದೆ, ಇದು ನಾನು ಕಣ್ಣಾರೆ ಕಂಡದ್ದು. ನಾನೂ ಆ ಮಕ್ಕಳಿಂದ "ನೀರು ಬೇಕಾ" ಅನ್ನುವುದನ್ನು ಲಂಬಾಣಿಯಲ್ಲಿ ಕಲಿತಿದ್ದೇನೆ. ಮೊದಲ ದಿನ ಅದೊಂದು ಮಾತು ಕೇಳಿದರೆ ಸಾಕು, ಅಳು ಅರ್ಧಕ್ಕೆ ನಿಲ್ಲುತ್ತದೆ. ಬರದ ಇಂಗ್ಲಿಷಿನಲ್ಲಿ ಮಗುವಿನ ಜೊತೆ ಎರಡೆರಡೇ ಪದ ಮಾತಾಡುವುದಕ್ಕಿಂತ ಅಜ್ಜಿ ಹೇಳುವ ನರಿ ಕಥೆ ಎಷ್ಟೋ ಮೇಲು.

ಹಟಕ್ಕೆ ಹೆದರಬೇಡಿ. ಮಗು ನೆಲಕ್ಕೆ ಬಿದ್ದು ಹೊರಳಾಡಿದರೆ ಹೊಡೆಯಬೇಡಿ, ಗುಮ್ಮ ಬಂದ, ಪೊಲೀಸ್ ಬಂದ ಅಂತ ಹೆದರಿಸಲೂ ಬೇಡಿ. ಪಕ್ಕದಲ್ಲಿ ಕೂತು "ಸಿಟ್ಟು ಬಂದಿದೆ ಅಲ್ವಾ" ಅನ್ನಿ, ಕಾಯಿರಿ. ಸಿಟ್ಟಿಗೂ ಒಂದು ಹೆಸರಿದೆ ಅಂತ ಗೊತ್ತಾದ ಮಗು ಮುಂದೆ ಬಾಯಲ್ಲಿ ಹೇಳುತ್ತದೆ.

ನಮ್ಮ ಮನೆಗಳಲ್ಲಿ ಶಹಾಬಾದ್ ಕಲ್ಲಿನ ನೆಲ ಇದೆಯಲ್ಲ, ಅದಕ್ಕಿಂತ ದೊಡ್ಡ ಪಾಟಿ ಬೇಕಾ? ಒಂದು ತುಂಡು ಚಾಕ್ ಕೊಟ್ಟು ಬಿಡಿ. ನನ್ನ ಕೇಂದ್ರದ ಒಬ್ಬ ಹುಡುಗಿ ಬಾಗಿಲಿಂದ ಗೋಡೆಯವರೆಗೆ ಒಂದು ಉದ್ದ ಗೆರೆ ಎಳೆದು, "ಇದು ರೈಲು, ಅಪ್ಪ ಇದರಾಗ ಬರ್ತಾನ" ಅಂದಳು. ಅಪ್ಪ ಪುಣೆಯಲ್ಲಿ ಗೌಂಡಿ ಕೆಲಸ ಮಾಡುತ್ತಾನೆ. ಆಕೆಗೆ ಒಂದಕ್ಷರ ಬರುತ್ತಿರಲಿಲ್ಲ, ಆದರೆ ಗೆರೆಗೆ ಅರ್ಥವಿದೆ ಅಂತ ಗೊತ್ತಾಗಿತ್ತು. ಬರವಣಿಗೆ ಶುರುವಾಗುವುದು ಅಲ್ಲಿಂದಲೇ. ಒದ್ದೆ ಬಟ್ಟೆಯಿಂದ ನೆಲ ಒರೆಸುವ ಕೆಲಸವನ್ನೂ ಅವರಿಗೇ ಕೊಡಿ, ಖುಷಿಯಿಂದ ಮಾಡುತ್ತಾರೆ.

ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಹೋಗುತ್ತೀರಲ್ಲ, ಮಗುವನ್ನು ಭುಜದ ಮೇಲೆ ಕೂರಿಸಿ ಸುಮ್ನೆ ನಡೆಯಬೇಡಿ. ಕೆಳಗಿಳಿಸಿ. ಕಡಲೆ ಗಿಡದ ಎಲೆ ಮುಟ್ಟಿಸಿ, ಬೆರಳು ನೆಕ್ಕಿದರೆ ಹುಳಿ ಅಂತ ಅದೇ ಹೇಳಲಿ. ಹೊಲಕ್ಕೆ ಎಡೆ ಎರಚಿ ಚರಗ ಚೆಲ್ಲುವಾಗ ಅದರ ಕೈಗೂ ಒಂದು ಹಿಡಿ ಕೊಡಿ. ಭಜ್ಜಿ ಪಲ್ಯದಲ್ಲಿ ಏನೇನು ಕಾಳು ಇದೆ ಅಂತ ಹುಡುಕಿಸಿ.

ಮೂರು ತುಂಬಿದ ಮೇಲೆ

ಅಂಗನವಾಡಿ ಯೋಜನೆ ಶುರುವಾದದ್ದು 1975ರ ಅಕ್ಟೋಬರ್ 2ರಂದು. ಅಷ್ಟು ವರ್ಷವಾದರೂ "ಅಲ್ಲೇನು, ಊಟಕ್ಕೆ ಹೋಗ್ತಾವ" ಅನ್ನುತ್ತಾರೆ. ಬಂದು ಒಂದು ಬೆಳಗ್ಗೆ ಕೂತು ನೋಡಿ. ಖಾಸಗಿ ನರ್ಸರಿಯೇ ಇರಲಿ, 2024-25ರಿಂದ ಈ ಭಾಗದ ಹಲವು ಸರ್ಕಾರಿ ಶಾಲೆಗಳಲ್ಲಿ ಬಂದ ಎಲ್‌ಕೆಜಿ, ಯುಕೆಜಿಯೇ ಇರಲಿ, ಅಂಗನವಾಡಿಯೇ ಇರಲಿ, ನೋಡಬೇಕಾದದ್ದು ಒಂದೇ. ಮಕ್ಕಳು ಮಾತಾಡುತ್ತಿವೆಯಾ, ಕೈಕಟ್ಟಿ ಕೂತಿವೆಯಾ? ಹಾಡು, ಕಥೆ, ಮಣ್ಣು, ನೀರು, ಓಟ ಇವೆಯಾ? ನೀರು, ಶೌಚಾಲಯ ಸರಿಯಿದೆಯಾ, ಬೆತ್ತ ಇದೆಯಾ? ಬೆತ್ತ ಕಂಡರೆ ಮಗುವನ್ನು ಅಲ್ಲಿ ಬಿಡಬೇಡಿ.

ನಮ್ಮ ಪಕ್ಕದ ಮನೆಯ ಮೂರೂವರೆ ವರ್ಷದ ಹುಡುಗನಿಗೆ ಒಂದು ಶಾಲೆಯಲ್ಲಿ ದಿನಾ ಎರಡು ಪುಟ ಹೋಂವರ್ಕ್ ಕೊಡುತ್ತಿದ್ದರು. ರಾತ್ರಿ ಅವನು ಅಳುತ್ತಾ ಬರೆಯುವುದು ನಮಗೆ ಕೇಳುತ್ತಿತ್ತು. ಆ ವಯಸ್ಸಿನ ಬೆರಳಿಗೆ ಪೆನ್ಸಿಲ್ ಹಿಡಿಯುವ ಬಲವೇ ಇರಲ್ಲ. ಆ ಬಲ ಬರುವುದು ಶೇಂಗಾ ಸುಲಿಯುವುದರಿಂದ, ಹಸಿ ತೊಗರಿ ಕಾಯಿ ಬಿಡಿಸುವುದರಿಂದ, ಹಿಟ್ಟಿನ ಉಂಡೆ ಮಾಡುವುದರಿಂದ, ಗುಂಡಿ ಹಾಕಿಕೊಳ್ಳುವುದರಿಂದ. ಲೆಕ್ಕವೂ ಅಲ್ಲೇ ಇದೆ. "ಮನೆಯಲ್ಲಿ ಐದು ಮಂದಿ, ಐದು ತಾಟು ಹಾಕು" ಅನ್ನಿ. ಬಾಯಿಪಾಠದಲ್ಲಿ ನೂರರವರೆಗೆ ಹೇಳುವ ಎಷ್ಟೋ ಮಕ್ಕಳು ಐದು ತಾಟು ಹಾಕಲು ತಡಕಾಡುತ್ತವೆ.

ಅವಸರ ಮಾಡಬೇಡಿ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೇ ಮೂರರಿಂದ ಎಂಟು ವರ್ಷದವರೆಗೆ ಒಂದೇ ಹಂತ ಅಂತ ಹೇಳಿ, ಆಟದ ಮೂಲಕ ಕಲಿಸಿ ಅಂದಿದೆ. ಒಂದನೇ ತರಗತಿಗೆ ಜೂನ್ 1ಕ್ಕೆ 6 ವರ್ಷ ತುಂಬಿರಬೇಕು ಅನ್ನುವ ನಿಯಮ ಬಂದಿದೆ, 2025-26ಕ್ಕೆ ಅದನ್ನು 5 ವರ್ಷ 5 ತಿಂಗಳಿಗೆ ಸಡಿಲಿಸಿದ್ದರು. ಸೇರಿಸುವ ವರ್ಷ ಶಾಲೆಯಲ್ಲಿ ಕೇಳಿಕೊಳ್ಳಿ. ಅದಕ್ಕೋಸ್ಕರ ಮಗುವಿನ ಹುಟ್ಟಿದ ದಿನ ತಿದ್ದಿಸಬೇಡಿ.

ಯಾವಾಗ ತೋರಿಸಬೇಕು

ಮೂರು ತಿಂಗಳಾದರೂ ನಿಮ್ಮ ಮುಖ ನೋಡಿ ನಗದಿದ್ದರೆ, ಜೋರು ಸದ್ದಿಗೆ ಬೆಚ್ಚದಿದ್ದರೆ, ಒಂಬತ್ತು ತಿಂಗಳಿಗೆ ಆಸರೆಯಿಲ್ಲದೆ ಕೂರದಿದ್ದರೆ, ವರ್ಷಕ್ಕೆ ಹೆಸರು ಕರೆದರೆ ತಿರುಗದಿದ್ದರೆ, ಒಂದೂವರೆ ವರ್ಷಕ್ಕೆ ನಡೆಯದಿದ್ದರೆ, ಎರಡು ವರ್ಷಕ್ಕೆ "ನೀರು ಕೊಡು" ಅನ್ನುವಂತೆ ಎರಡು ಪದ ಸೇರಿಸದಿದ್ದರೆ, ಕಲಿತ ಮಾತನ್ನು ಮರೆಯುತ್ತಿದ್ದರೆ ಸುಮ್ಮನಿರಬೇಡಿ. "ಅವರಪ್ಪನೂ ತಡವಾಗಿ ಮಾತಾಡಿದ್ದ" ಅಂತ ಅಜ್ಜಿ ಹೇಳಬಹುದು, ಇರಬಹುದು. ಆದರೂ ತೋರಿಸಿ. ಅಂಗನವಾಡಿಗೆ ಆರ್‌ಬಿಎಸ್‌ಕೆ (ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ) ವೈದ್ಯರ ತಂಡ ತಪಾಸಣೆಗೆ ಬರುತ್ತದೆ, ಆ ದಿನ ಯಾವುದು ಅಂತ ಕೇಳಿಟ್ಟುಕೊಳ್ಳಿ. ಕಿವಿ ಕೇಳದ ಮಗುವಿಗೆ ಬೇಗ ಗೊತ್ತಾದಷ್ಟೂ ಮಾತು ಬರುವ ಅವಕಾಶ ಜಾಸ್ತಿ.

ಮೊದಲ ವಾರ

ಬಿಟ್ಟು ಹೋಗುವ ದಿನ ಮಗು ಅಳುತ್ತದೆ. ಕಣ್ಣು ತಪ್ಪಿಸಿ ಓಡಿ ಹೋಗಬೇಡಿ. ಒಮ್ಮೆ ಹಾಗೆ ಮಾಡಿದರೆ ಮಗು ವಾರಗಟ್ಟಲೆ ನಿಮ್ಮ ಸೆರಗು ಬಿಡಲ್ಲ. ಮೊದಲ ದಿನ ನೀವೂ ಅರ್ಧ ಗಂಟೆ ಕೂತಿರಿ. ಎರಡನೇ ದಿನ ಬಾಗಿಲ ಹತ್ತಿರ ಕೂರಿ. ಮೂರನೇ ದಿನ ಕಣ್ಣಲ್ಲಿ ಕಣ್ಣಿಟ್ಟು "ಊಟ ಆದಮೇಲೆ ಬರ್ತೀನಿ" ಅಂತ ಹೇಳಿ ಹೋಗಿ, ಊಟ ಆದಮೇಲೆ ಬನ್ನಿ. ಕೈಯಲ್ಲಿ ನಿಮ್ಮದೊಂದು ಕರವಸ್ತ್ರ ಕೊಟ್ಟರೂ ಒಳ್ಳೆಯದು. ಮನೆಗೆ ಕರೆದುಕೊಂಡು ಹೋಗುವಾಗ "ಏನು ಬರೆದೆ?" ಅಂತ ಕೇಳಬೇಡಿ. "ಇವತ್ತು ಯಾರ ಜೊತೆ ಆಡಿದೆ?" ಅಂತ ಕೇಳಿ, ಅದು ಹೇಳಿ ಮುಗಿಸುವವರೆಗೆ ಮೊಬೈಲ್ ಜೇಬಲ್ಲೇ ಇರಲಿ.